ಮಲೆನಾಡಿನಲ್ಲಿ ಇನ್ನೆಷ್ಟು ಹೆರಾಲ್ಡ್ ಉಳಿದಿವೆ? ಒಂದು ಲೆಕ್ಕದ ಕಥೆ

ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಕಾರು ಅಂದ್ರೆ ಮೂರೇ ಹೆಸರು. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಮೊದಲೆರಡು ಎಲ್ಲರಿಗೂ ಗೊತ್ತು. ಮೂರನೆಯದರ ಹೆಸರು ಹೇಳಿದರೆ ಈಗಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಸುಮಾರು ಹತ್ತು ವರ್ಷ ಮಾಡಿದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ರೂಪ ಕೊಟ್ಟವರು ಇಟಲಿಯ ಮಿಕೆಲೋಟ್ಟಿ. ಇಂಗ್ಲೆಂಡಿನಲ್ಲಿ ಅದಕ್ಕೆ ಎರಡೇ ಬಾಗಿಲು. ನಾಲ್ಕು ಬಾಗಿಲು ಇಟ್ಟವರು ನಮ್ಮವರು. ನಮ್ಮ ಮನೆಯಲ್ಲಿರುವುದೂ ನಾಲ್ಕು ಬಾಗಿಲಿನದೇ.

ಇಂಥ ಕಾರು ನಮ್ಮ ಭಾಗದಲ್ಲಿ ಇನ್ನೆಷ್ಟಿವೆ ಅಂತ ಎಣಿಸುವ ಪ್ರಮೇಯ ಬಂದದ್ದು ರಬ್ಬರಿನಿಂದ. ಗಾಜಿನ ಸುತ್ತ ಕೂರುವ ಬೀಡಿಂಗ್ ಹೆರಾಲ್ಡ್ ಇರುವ ಎಲ್ಲರದ್ದೂ ಒಣಗಿ ಬಿರುಕು ಬಿಟ್ಟಿತ್ತು. ಬಯಲುಸೀಮೆಯಲ್ಲಾದರೆ ಹೇಗೋ ನಡೆಯುತ್ತದೆ. ನಮ್ಮಲ್ಲಿ ಜೂನ್ ಬಂದರೆ ಮುಗೀತು. ಬೀಡಿಂಗ್ ಸಂದಿಯಿಂದ ನೀರು ಇಳಿಯುತ್ತದೆ, ಮ್ಯಾಟಿನ ಕೆಳಗೆ ನಿಲ್ಲುತ್ತದೆ, ಫ್ಲೋರ್ ತಿನ್ನುತ್ತದೆ, ಆಮೇಲೆ ಚಾಸಿಯಿಂದ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನಿಂದ, ಪಕ್ಕಕ್ಕೆ ಚಾಚಿರುವ ಕೈಗಳನ್ನೂ ತಿನ್ನುತ್ತದೆ. ಮಲೆನಾಡಿನಲ್ಲಿ ಹೆರಾಲ್ಡ್ ಸಾಯುವುದು ಹೆಚ್ಚಾಗಿ ಹೀಗೇ. ಎಂಜಿನ್ ಹೋಗಿ ಸತ್ತದ್ದು ನಾನು ಅಷ್ಟಾಗಿ ನೋಡಿಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ಒಬ್ಬರು ಬೀಡಿಂಗ್ ಮಾಡಿಕೊಡಲು ಒಪ್ಪಿದರು. "ಡೈ, ಅಂದ್ರೆ ಅಚ್ಚಿನ ಖರ್ಚು ನಿಮ್ದು. ಎಷ್ಟು ಸೆಟ್ ಬೇಕು ಹೇಳಿ" ಅಂದರು. ಜಾಸ್ತಿ ಮಾಡಿಸಿಟ್ಟರೆ ರಬ್ಬರ್ ಇಟ್ಟಲ್ಲೇ ಗಟ್ಟಿಯಾಗುತ್ತದೆ. ಕಡಿಮೆ ಮಾಡಿಸಿದರೆ ಒಂದೊಂದು ಸೆಟ್ಟಿಗೂ ಕೈ ಸುಡುವ ರೇಟು. ಹಾಗಾಗಿ ಸುಮ್ನೆ ಬಾಯಿಗೆ ಬಂದ ಸಂಖ್ಯೆ ಹೇಳುವ ಹಾಗಿರಲಿಲ್ಲ. ಬೇರೆ ಊರಿನವರು ಅವರವರ ಲೆಕ್ಕ ಕೊಡುತ್ತಾರೆ, ಶಿವಮೊಗ್ಗ ಜಿಲ್ಲೆ ಮತ್ತು ಪಕ್ಕದ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ನಮ್ಮ ಪಾಲಿಗೆ ಅಂತ ಮಾತಾಯಿತು.

ಮೊದಲು ಎಲ್ಲರನ್ನೂ ಕೇಳಿದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಹಳೇ ಗಾಡಿ ಕೆಲಸ ಮಾಡುವ ಭಾಯ್ "ಐವತ್ತಾದ್ರೂ ಇರ್ತವೆ ಸಾರ್" ಅಂದರು. ಸಾಗರದ ಗೆಳೆಯ "ಹತ್ತೂ ಇಲ್ಲ ಮಾರಾಯ, ಎಲ್ಲಾ ಗುಜರಿಗೆ ಹೋಯ್ತು" ಅಂದ. ಇಬ್ಬರ ದನಿಯಲ್ಲೂ ಒಂದಿಷ್ಟೂ ಅನುಮಾನ ಇರಲಿಲ್ಲ.

ಆರ್‌ಟಿಓ ದಾಖಲೆ ಇಲ್ವಾ ಅಂತ ನೀವು ಕೇಳಬಹುದು. ಇದೆ, ಆದರೆ ಈ ಕೆಲಸಕ್ಕೆ ಆಗುವುದಿಲ್ಲ. ಸ್ವಂತ ಕಾರಿಗೆ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನೀವಲ್. ಮಾಡಿಸದೆ ಬಿಟ್ಟ ಗಾಡಿ ಸತ್ತಿದೆಯೋ, ಕೊಟ್ಟಿಗೆಯಲ್ಲಿ ನಿಂತಿದೆಯೋ ಪುಸ್ತಕಕ್ಕೆ ಗೊತ್ತಾಗುವುದಿಲ್ಲ. ಗುಜರಿಗೆ ಹಾಕಿದವರು ಆರ್‌ಸಿ ಬುಕ್ ವಾಪಸ್ ಕೊಟ್ಟು ಹೆಸರು ತೆಗೆಸುವುದೂ ಅಪರೂಪ. ಇನ್ನು ಹೆರಾಲ್ಡ್ ಎಲ್ಲವೂ 1989ಕ್ಕಿಂತ ಹಿಂದಿನವು. ಕೆಎ ನಂಬರ್ ಹುಟ್ಟುವ ಮುಂಚಿನವು. ಎಂವೈ ಅಂತ ಶುರುವಾಗುವ ಪ್ಲೇಟು ಹೊತ್ತ ಗಾಡಿ ಯಾವ ಊರಿಂದ ಯಾವ ಊರಿಗೆ ಹೋಗಿ ಈಗ ಎಲ್ಲಿದೆ ಅಂತ ಪ್ಲೇಟು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಇದೆ. 1998ರಿಂದ ಅಲ್ಲಿ ಗಾಡಿಯನ್ನು ರಸ್ತೆಗೆ ಇಳಿಸದೆ ಮನೆಯಲ್ಲಿ ನಿಲ್ಲಿಸಿಕೊಂಡರೂ ಸರ್ಕಾರಕ್ಕೆ ಬರೆದು ಕೊಡಬೇಕು. ಹಾಗಾಗಿ ಓಡುವ ಗಾಡಿ ಎಷ್ಟು, ನಿಂತ ಗಾಡಿ ಎಷ್ಟು ಅಂತ ಅವರು ಕೂತಲ್ಲೇ ನೋಡುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ.

ನನ್ನ ಗೆಳೆಯರೊಬ್ಬರು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಕಾರಿನ ಹುಚ್ಚು ಇಲ್ಲ, ಲೆಕ್ಕದ ಹುಚ್ಚು ಇದೆ. ಅವರು ಮೊದಲು ಹೇಳಿದ್ದು ಎರಡನೇ ಮಹಾಯುದ್ಧದ ಟ್ಯಾಂಕಿನ ಕಥೆ. ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಅಂತ ತಿಳಿಯಲು ಅವರ ಎದುರಾಳಿಗಳು ಸಿಕ್ಕಿಬಿದ್ದ ಟ್ಯಾಂಕುಗಳ ಸೀರಿಯಲ್ ನಂಬರ್ ಬರೆದುಕೊಂಡರು. ಸಿಕ್ಕ ನಂಬರುಗಳಲ್ಲಿ ದೊಡ್ಡದನ್ನು ಸಿಕ್ಕ ಟ್ಯಾಂಕುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಆ ದೊಡ್ಡ ನಂಬರಿಗೇ ಕೂಡಿಸಿ, ಒಂದು ಕಳೆಯುವುದು. ಐದು ಸಿಕ್ಕಿವೆ, ದೊಡ್ಡದು 60 ಅಂದರೆ 60ಕ್ಕೆ 12 ಕೂಡಿಸಿ ಒಂದು ಕಳೆದರೆ 71. 1942ರ ಆಗಸ್ಟಿಗೆ ಈ ಲೆಕ್ಕ 327 ಅಂದಿತು. ಗೂಢಚಾರರು 1550 ಅಂದಿದ್ದರು. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತ ತೆಗೆದರೆ 342!

ಕೇಳಿ ನನಗೆ ಮೈ ನವಿರೆದ್ದಿತು. ಆದರೆ ಮೇಷ್ಟ್ರೇ ಅದನ್ನು ಪಕ್ಕಕ್ಕಿಟ್ಟರು. ಅದು ಎಷ್ಟು ಹುಟ್ಟಿದವು ಅನ್ನುವ ಲೆಕ್ಕ. ನಮಗೆ ಬೇಕಾದದ್ದು ಎಷ್ಟು ಉಳಿದಿವೆ ಅನ್ನುವುದು. "ನಮ್ಗೆ ಬೇಕಿರೋದು ಭದ್ರಾದ ಲೆಕ್ಕ" ಅಂದರು.

ಅವರು ಹೇಳಿದ್ದು ಹುಲಿ ಎಣಿಸುವ ವಿಧಾನ. ಹಿಂದೆ ಹುಲಿಯನ್ನು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿ ಎರಡು ಸಲ ಲೆಕ್ಕಕ್ಕೆ ಬರುತ್ತಿತ್ತು. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಎಣಿಸಿದರು. ಆಮೇಲೆ ನಮ್ಮ ಭದ್ರಾ ಅಭಯಾರಣ್ಯದಲ್ಲೂ ಅದೇ ಕೆಲಸ ಆಯಿತು. ಹುಲಿಯ ಪಟ್ಟೆ ಒಂದರ ಹಾಗೆ ಇನ್ನೊಂದರದ್ದು ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕವು ಎಷ್ಟು, ಎರಡನೇ ಸುತ್ತಿನಲ್ಲಿ ಎಷ್ಟು, ಎರಡರಲ್ಲೂ ಸಿಕ್ಕವು ಎಷ್ಟು ಅಂತ ನೋಡುವುದು. ಎರಡನೇ ಸುತ್ತಿನಲ್ಲಿ ಬಂದ ಹುಲಿಗಳೆಲ್ಲ ಹಳೇ ಮುಖಗಳೇ ಆದರೆ ಕಾಡಿನಲ್ಲಿ ಜಾಸ್ತಿ ಬಾಕಿ ಇಲ್ಲ. ಬರೀ ಹೊಸ ಮುಖಗಳೇ ಆದರೆ ನಾವು ನೋಡದೆ ಇರುವುದೇ ಹೆಚ್ಚು. ಲೆಕ್ಕ ತೀರಾ ಸರಳ. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಗುಣಿಸಿ, ಎರಡರಲ್ಲೂ ಇರುವುದರಿಂದ ಭಾಗಿಸಿದರೆ ಒಟ್ಟು. ಡೆನ್ಮಾರ್ಕಿನ ಪೀಟರ್ಸನ್ ಅನ್ನುವವರು 1890ರ ದಶಕದಲ್ಲೇ ಮೀನಿನ ಅಧ್ಯಯನಕ್ಕೆ ಇಂಥ ಲೆಕ್ಕ ಹಿಡಿದಿದ್ದರಂತೆ.

ಮೊದಲ ಪಟ್ಟಿ ಭಾಯ್ ಅವರದು. ನೆನಪಿನ ಮೇಲೆ ಹೇಳುತ್ತಾ ಹೋದರು, ಮಗ ಮೊಬೈಲಿನಲ್ಲಿ ನಂಬರ್ ಹುಡುಕಿ ಕೊಟ್ಟ. ಎರಡನೆಯದು ನಮ್ಮದು. ಮದುವೆ ಮೆರವಣಿಗೆ, ಹಳೇ ಕಾರುಗಳ ಪ್ರದರ್ಶನ, ಪೆಟ್ರೋಲ್ ಬಂಕ್, ಎಲ್ಲೇ ಆಗಲಿ ನಾವು ಗೆಳೆಯರು ಕಣ್ಣಾರೆ ಕಂಡದ್ದು ಮಾತ್ರ.

ಭಾಯ್ ಪಟ್ಟಿ ಶುರುವಿನಲ್ಲಿ ಭಾರೀ ಉದ್ದ ಇತ್ತು. ಜರಡಿ ಹಿಡಿಯುತ್ತಾ ಬಂದಂತೆ ಸಣ್ಣದಾಯಿತು. ಅವರ ಬಾಯಲ್ಲಿ ಎಲ್ಲವೂ "ಸ್ಟ್ಯಾಂಡರ್ಡ್". ಹೆರಾಲ್ಡ್ ನಿಂತ ಮೇಲೆ 1970ರ ದಶಕದಲ್ಲಿ ಬಂದ ಗೆಜೆಲ್ ಕೂಡ ಸ್ಟ್ಯಾಂಡರ್ಡ್, 1980ರ ದಶಕದ ದೊಡ್ಡ ಸ್ಟ್ಯಾಂಡರ್ಡ್ 2000 ಕೂಡ ಸ್ಟ್ಯಾಂಡರ್ಡ್, ಕೊನೆಗೆ ಸ್ಟ್ಯಾಂಡರ್ಡ್ ವ್ಯಾನು ಕೂಡ. ಇನ್ನೊಂದು ತಾಪತ್ರಯ ಹೆಸರಿನದು. ನಮ್ಮ ಕಡೆ ಹಳೇ ಕಾರಿಗೆ ನಂಬರಿಗಿಂತ ಮನೆಯ ಹೆಸರೇ ಗಟ್ಟಿ. ಡಾಕ್ಟ್ರ ಗಾಡಿ, ಮೇಷ್ಟ್ರ ಗಾಡಿ, ಮಂಡಿ ಸಾಹುಕಾರ್ರ ಗಾಡಿ. ತೀರ್ಥಹಳ್ಳಿಯ ಡಾಕ್ಟ್ರ ಗಾಡಿ ಮಾರಾಟವಾಗಿ ರಿಪ್ಪನ್‌ಪೇಟೆಗೆ ಬಂದು, ಬಣ್ಣ ಬದಲಾಗಿ "ನೀಲಿ ಗಾಡಿ" ಆಗಿತ್ತು. ಪಟ್ಟಿಯಲ್ಲಿ ಎರಡೂ ಇದ್ದವು. ಹುಲಿಗೆ ಪಟ್ಟೆ ಇದ್ದ ಹಾಗೆ ಕಾರಿಗೆ ಚಾಸಿ ನಂಬರ್. ಅದನ್ನು ನೋಡದೆ ಯಾವ ಗಾಡಿಯನ್ನೂ ಪಟ್ಟಿಗೆ ಸೇರಿಸಬಾರದು ಅಂತ ಮೇಷ್ಟ್ರು ಕಟ್ಟುನಿಟ್ಟು ಮಾಡಿದರು.

ಹೇಳುವುದು ಸುಲಭ. ಹೊಸನಗರದ ಹತ್ತಿರ ಒಂದು ತೋಟದ ಮನೆಯಲ್ಲಿ ಗಾಡಿ ಅಡಿಕೆ ಒಣಗಿಸುವ ಹಳೇ ಟಾರ್ಪಾಲಿನ ಕೆಳಗಿತ್ತು. ಮೇಲೆ ಖಾಲಿ ಗೋಣಿಚೀಲದ ರಾಶಿ. ಹೆರಾಲ್ಡಿನ ಬಾನೆಟ್ ಬೇರೆ ಕಾರುಗಳ ಹಾಗಲ್ಲ. ಮಡ್‌ಗಾರ್ಡ್, ಹೆಡ್‌ಲೈಟ್ ಎಲ್ಲ ಸೇರಿಸಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎರಡು ಬದಿಯಲ್ಲೂ ಚಿಲಕ. ಬಲಗಡೆಯದ್ದು ಬಿಟ್ಟಿತು, ಎಡಗಡೆಯದ್ದು ತುಕ್ಕು ಹಿಡಿದು ಕೂತಿತ್ತು. ಸೀಮೆಎಣ್ಣೆ ಇಲ್ಲದ ಕಾಲ, ಮನೆಯವರು ಕಳೆಕೊಚ್ಚುವ ಮೆಷಿನ್ನಿಗೆ ತಂದಿಟ್ಟ ಪೆಟ್ರೋಲನ್ನೇ ಸ್ವಲ್ಪ ಕೊಟ್ಟರು. ಹಾಕಿ, ಕಾಫಿ ಕುಡಿದು ಬಂದು, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದ ಮೇಲೆ ಚಿಲಕ ಬಿಟ್ಟಿತು. ಮೂತಿ ಎತ್ತಿದರೆ ಚಾಸಿ ನಂಬರಿನ ಪ್ಲೇಟಿನ ಮೇಲೆ ಸರಿಯಾಗಿ ಕಣಜ ಮಣ್ಣಿನ ಗೂಡು ಕಟ್ಟಿದೆ! ಸ್ಕ್ರೂಡ್ರೈವರಿನಿಂದ ಕೆರೆದು, ಹಳೇ ಪಂಚೆ ತುಂಡಿನಿಂದ ಒರೆಸಿ, ಬಿಳಿ ಹಾಳೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದೆವು. ಆರ್‌ಟಿಓ ಕೆಲಸಕ್ಕೆ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆ. ಅಂಕಿಗಳು ಒಂದೊಂದಾಗಿ ಬೂದು ಬಣ್ಣದಲ್ಲಿ ಎದ್ದವು. ಕೊನೆಯ ಅಂಕಿ 3ಓ 8ಓ ಅಂತ ಮೇಷ್ಟ್ರಿಗೂ ನನಗೂ ವಾದ. ಮನೆಯ ಯಜಮಾನರು ಒಳಗಿಂದ ಆರ್‌ಸಿ ಬುಕ್ಕೇ ತಂದು ಕೊಟ್ಟರು. 8.

ಪ್ಲೇಟ್ ಕೂಡ ಪೂರ್ತಿ ನಂಬುವ ಹಾಗಿಲ್ಲ. ರಿವಿಟ್ ಕಿತ್ತು ಬೇರೆ ಗಾಡಿಗೆ ಹೊಡೆಯಬಹುದು. ಹೆರಾಲ್ಡಿನಲ್ಲಂತೂ ಬಾಡಿಯನ್ನೇ ಬಿಚ್ಚಿ ಬೇರೆ ಗಾಡಿಗೆ ಕೂರಿಸಬಹುದು. ಇದರ ಹಿಂದೆ ಒಂದು ಕಥೆ ಇದೆ. ಇಂಗ್ಲೆಂಡಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಅನ್ನುವ ಕಂಪನಿಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿ ಕೊಂಡುಕೊಂಡಿತು. ಒಂದೇ ಡಬ್ಬಿಯ ಹಾಗಿರುವ ಬಾಡಿ ಮಾಡಿಕೊಡುವವರು ಸಿಗಲಿಲ್ಲ. ಹಾಗಾಗಿ ಹೆರಾಲ್ಡಿಗೆ ಬೇರೆಯೇ ಚಾಸಿ ಕೊಟ್ಟು, ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದರು. ಟಾಪ್ ಕೂಡ ಬೋಲ್ಟಿನದೇ. ಇದರಿಂದ ಮೆಕ್ಯಾನಿಕ್ಕಿಗೆ ಸುಖ, ಎಣಿಸುವವನಿಗೆ ಸಂಕಟ. ಭದ್ರಾವತಿಯಲ್ಲಿ ಕಂಡ ಒಂದು ಗಾಡಿಯ ಮುಂದಿನ ಅರ್ಧ ಒಂದರದ್ದು, ಹಿಂದಿನ ಅರ್ಧ ಇನ್ನೊಂದರದ್ದು. ಇದು ಒಂದೋ ಎರಡೋ? ಚಾಸಿ ಯಾವುದೋ ಅದೇ ಗಾಡಿ ಅಂತ ತೀರ್ಮಾನಿಸಿದೆವು. ಭಾಯ್ ಮಾತ್ರ ಇವತ್ತಿಗೂ ಒಪ್ಪಿಲ್ಲ.

ಜರಡಿ ಹಿಡಿದ ಮೇಲೆ ಭಾಯ್ ಪಟ್ಟಿಯಲ್ಲಿ 12 ಉಳಿದವು. ನಮ್ಮದರಲ್ಲಿ 8. ಎರಡರಲ್ಲೂ ಇದ್ದವು 6. ಹನ್ನೆರಡೆಂಟ್ಲ ತೊಂಬತ್ತಾರು, ಆರರಿಂದ ಭಾಗಿಸಿದರೆ 16. ಎರಡೂ ಪಟ್ಟಿ ಸೇರಿ ಕಣ್ಣಿಗೆ ಬಿದ್ದವೇ 14. ಅಂದರೆ ಇಡೀ ಮಲೆನಾಡಿನಲ್ಲಿ ನಾವು ಕಾಣದ ಹೆರಾಲ್ಡ್ ಎರಡೇ ಎರಡು!

ನಾನು ಖುಷಿಯಾದೆ. ಮೇಷ್ಟ್ರು ಆಗಲಿಲ್ಲ. ಈ ಲೆಕ್ಕ ಸರಿಯಾಗಬೇಕಾದರೆ ಎರಡು ಪಟ್ಟಿಗಳಿಗೆ ಒಂದಕ್ಕೊಂದು ಸಂಬಂಧ ಇರಬಾರದು. ಓಡುವ ಗಾಡಿ ರಿಪೇರಿಗೂ ಹೋಗುತ್ತದೆ, ಮದುವೆಗೂ ಬರುತ್ತದೆ. ಹಾಗಾಗಿ ಎರಡು ಪಟ್ಟಿಯಲ್ಲೂ ಬರುತ್ತದೆ. ಇಪ್ಪತ್ತು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತದ್ದು ಹೆಚ್ಚಾಗಿ ಎರಡರಲ್ಲೂ ಇಲ್ಲ. ಇಂಥ ಪಟ್ಟಿಗಳನ್ನು ತಾಳೆ ಹಾಕಿದರೆ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ಕಾರಿಗೂ ಗ್ಯಾರೇಜಿಗೂ ಸಂಬಂಧವೇ ಇಲ್ಲದವರ ಪಟ್ಟಿ ಬೇಕು ಅಂದರು.

ಅಂಥವರು ಯಾರು? ಪೋಸ್ಟ್‌ಮ್ಯಾನ್, ಗ್ಯಾಸ್ ಸಿಲಿಂಡರಿನವರು, ಮೀಟರ್ ರೀಡರ್ ಅಂತೆಲ್ಲ ಯೋಚಿಸಿದೆವು. ಕೊನೆಗೆ ಹೊಳೆದದ್ದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು. ಅಡಿಕೆ ಸೀಸನ್ನಿನಲ್ಲಿ ಅವರು ಕಾಲಿಡದ ತೋಟದ ಮನೆ ಇಲ್ಲ. ನೆಂಟರು ಅಂಗಳದಿಂದ ಜಗುಲಿಗೆ ಬಂದು ಹೋಗುತ್ತಾರೆ. ಕೊನೆಗೌಡ ಹಿತ್ತಲು, ಚಪ್ಪರ, ಕೊಟ್ಟಿಗೆ ಎಲ್ಲ ನೋಡಿರುತ್ತಾನೆ. ಹಗ್ಗ ಇಡುವುದು, ದೋಟಿ ಒರಗಿಸುವುದು ಅಲ್ಲೇ ಅಲ್ವಾ? ನಮ್ಮ ತೋಟಕ್ಕೆ ಬರುವವರಿಗೆ ಹೆರಾಲ್ಡಿನ ಫೋಟೋ ಕಳಿಸಿದೆ. ಅವರು ತಮ್ಮವರಿಗೆಲ್ಲ ಕಳಿಸಿದರು. "ಇಂಥದ್ದು ನಿಂತದ್ದು ಎಲ್ಲಾದ್ರೂ ಕಂಡ್ರೆ ಹೇಳಿ" ಅಂತ ಅಷ್ಟೇ. ಜೀಪು, ಅಂಬಾಸಿಡರ್, ಎತ್ತಿನಗಾಡಿಯ ಫೋಟೋ ಕೂಡ ಬಂದವು. ಒಬ್ಬರು ಮರದ ಮೇಲಿಂದಲೇ ತೆಗೆದು ಕಳಿಸಿದ್ದರು. ಸೋಗೆಗಳ ಸಂದಿಯಲ್ಲಿ ಚಪ್ಪರದ ತುದಿ, ಅದರ ಕೆಳಗೆ ಹೆರಾಲ್ಡಿನ ಹಿಂದಿನ ರೆಕ್ಕೆ. ಗುರುತು ಹಿಡಿಯಲು ಅಷ್ಟು ಸಾಕಿತ್ತು.

ಮನೆಗಳಿಗೆ ಹೋದಾಗ ಸ್ವಾಗತ ಒಂದೇ ತರ ಇರಲಿಲ್ಲ. "ಗುಜರಿಯವ್ರಾ?" ಅನ್ನುವ ಪ್ರಶ್ನೆ ಮೊದಲು. ಅಲ್ಲ ಅಂದರೆ "ಆರ್‌ಟಿಓನವ್ರಾ?". ಗಾಡಿ ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿದ್ದರೆ 2021ರ ನಿಯಮದಲ್ಲಿ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ವಿಎ ಅನ್ನುವ ಅಕ್ಷರದ ಪ್ಲೇಟು ಕೊಡುತ್ತಾರೆ ಅಂತ ವಿವರಿಸಿದರೆ ಕೆಲವರ ಕಣ್ಣು ಅರಳಿತು. ಹೊಸದಾಗಿ ಮಾಡಿಸಲು ಫೀಸು 20,000 ರೂಪಾಯಿ ಅಂದ ಕೂಡಲೇ ಮಾತು ಅಡಿಕೆ ರೇಟಿನ ಕಡೆ ತಿರುಗಿತು. ಕೊಪ್ಪದ ಹತ್ತಿರ ಒಬ್ಬರು ಅಜ್ಜಿ ಚಾಸಿ ನಂಬರ್ ನೋಡಲು ಬಿಟ್ಟರು, ಫೋಟೋ ತೆಗೆಯಲು ಬಿಡಲಿಲ್ಲ. "ಅವ್ರು ಓಡಿಸ್ತಿದ್ದ ಗಾಡಿ ಮಾರಾಯ್ರೆ, ಹೀಗಿರೋದನ್ನ ಎಂತಕ್ಕೆ ತೆಗೀತೀರಿ" ಅಂದರು. ಕ್ಯಾಮೆರಾ ಒಳಗಿಟ್ಟೆವು.

ಕೊನೆಗೌಡರ ಪಟ್ಟಿಯಲ್ಲಿ ಖಾತ್ರಿಯಾದವು 7. ಅದರಲ್ಲಿ ನಮ್ಮ ಹದಿನಾಲ್ಕರಲ್ಲಿ ಆಗಲೇ ಇದ್ದವು 3. ಹದಿನಾಲ್ಕೇಳ್ಲ ತೊಂಬತ್ತೆಂಟು, ಮೂರರಿಂದ ಭಾಗಿಸಿದರೆ ಸುಮಾರು 33. ಹದಿನಾರು ಇದ್ದದ್ದು ಮೂವತ್ಮೂರು! ಭಾಯ್ "ನಾನ್ ಹೇಳ್ಲಿಲ್ವಾ" ಅಂದರು. ಮೇಷ್ಟ್ರು ಈ ಸಲವೂ ತಲೆ ಅಲ್ಲಾಡಿಸಿದರು. ಹಿಂದಿನದ್ದು ಕಡಿಮೆ ಬಂದಿತ್ತು, ಇದು ಜಾಸ್ತಿ ಬಂದಿದೆ. ನಾವು ನೋಡಿದ್ದು ಹೆಚ್ಚಾಗಿ ಓಡುವ ಗಾಡಿ, ಕೊನೆಗೌಡರು ನೋಡಿದ್ದು ಹೆಚ್ಚಾಗಿ ನಿಂತ ಗಾಡಿ. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಕಾಣದೆ ಇದ್ದಾಗ ತಾಳೆ ಕಡಿಮೆಯಾಗಿ ಒಟ್ಟು ಉಬ್ಬುತ್ತದೆ. ಓಡುವುದನ್ನೂ ನಿಂತದ್ದನ್ನೂ ಬೇರೆ ಬೇರೆಯಾಗೇ ಲೆಕ್ಕ ಹಾಕಬೇಕು.

ಹಾಕಿದೆವು. ಭಾಯ್ ಹೇಳಿದ ಹನ್ನೆರಡರಲ್ಲಿ ಓಡುವವು 6, ಆ ಆರೂ ನಮ್ಮ ಎಂಟರಲ್ಲಿ ಇದ್ದವು. ಹಾಗಾಗಿ ಓಡುವವು ಎಂಟೇ, ಅಥವಾ ಅದಕ್ಕೆ ಬಹಳ ಹತ್ತಿರ. ನಿಂತದ್ದು ಭಾಯ್ ಪಟ್ಟಿಯಲ್ಲಿ 6, ಕೊನೆಗೌಡರದರಲ್ಲೂ 6 (ಏಳರಲ್ಲಿ ಒಂದು ಓಡುವುದು), ಎರಡರಲ್ಲೂ ಇದ್ದವು 2. ಮೂವತ್ತಾರನ್ನು ಎರಡರಿಂದ ಭಾಗಿಸಿದರೆ 18. ಎಂಟಕ್ಕೆ ಹದಿನೆಂಟು ಕೂಡಿಸಿದರೆ 26.

ಈ ಹದಿನೆಂಟು ಎಷ್ಟು ಸಡಿಲ ಅಂದ್ರೆ, ತಾಳೆ ಆದದ್ದು ಎರಡರ ಬದಲು ಮೂರಾಗಿದ್ದರೆ 12 ಆಗುತ್ತಿತ್ತು. ಒಂದಾಗಿದ್ದರೆ 36. ಒಂದು ಕೊಟ್ಟಿಗೆಯ ಬಾಗಿಲು ತೆರೆಯುವುದರ ಮೇಲೆ ನಿಂತಿರುವ ಸಂಖ್ಯೆ ಅದು. ಜೊತೆಗೆ ಕೊನೆಗೌಡರು ಹೋಗುವುದು ಅಡಿಕೆ ಇರುವ ಮನೆಗೆ. ಕಾಫಿ ಎಸ್ಟೇಟಿನ ಶೆಡ್ಡು, ಪೇಟೆಯ ಹಳೇ ಬಂಗಲೆ ಅವರಿಗೆ ಕಾಣುವುದಿಲ್ಲ. ಇಷ್ಟೆಲ್ಲ ಆಗುವಾಗ ಶೃಂಗೇರಿ ಕಡೆಯ ಒಂದು ಗಾಡಿಯನ್ನು ಕೇರಳದ ವ್ಯಾಪಾರಿ ಲಾರಿಯಲ್ಲಿ ಹೇರಿಕೊಂಡು ಹೋದ. ಎಣಿಸುವ ಹೊತ್ತಿನಲ್ಲಿ ಯಾವುದೂ ಹೊರಗೆ ಹೋಗಬಾರದು, ಒಳಗೆ ಬರಬಾರದು ಅನ್ನುವುದು ಈ ಲೆಕ್ಕದ ಇನ್ನೊಂದು ಕರಾರು. ಗಾಡಿ ಇದ್ದಾಗ ನಾವು ನೋಡಿದ್ದೆವಲ್ಲ, ಪಟ್ಟಿಯಲ್ಲಿ ಇರಲಿ, ಪಕ್ಕದಲ್ಲಿ ಗುರುತು ಹಾಕಿ ಅಂದರು ಮೇಷ್ಟ್ರು.

ನನ್ನ ಮಟ್ಟಿಗೆ ಒಂದೇ ಒಂದು ಸಂಖ್ಯೆ ಕೇಳುವುದೇ ಸರಿಯಲ್ಲ ಅನ್ನಿಸುತ್ತದೆ. ಉಳಿದಿದೆ ಅನ್ನುವುದು ಕೇಳುವವನು ಯಾರು ಅನ್ನುವುದರ ಮೇಲಿದೆ. ಬೀಡಿಂಗ್ ಮಾಡುವವನಿಗೆ ಓಡುವ ಎಂಟು ಗಿರಾಕಿ ಖಾತ್ರಿ, ನಿಂತ ಹದಿನೆಂಟರಲ್ಲಿ ಯಾರಾದರೂ ಕೈಹಾಕಿದರೆ ಅವರೂ ಗಿರಾಕಿ. ಬಾನೆಟ್ ಹುಡುಕುವವನಿಗೆ ನಿಂತ ಗಾಡಿ ಗಿರಾಕಿಯಲ್ಲ, ಅಂಗಡಿ. ಇತಿಹಾಸ ಬರೆಯುವವನಿಗೆ ಚಾಸಿ ನಂಬರ್ ಓದಲು ಸಿಕ್ಕರೆ ಸಾಕು, ಚಕ್ರ ತಿರುಗದಿದ್ದರೂ ನಡೆಯುತ್ತದೆ. ಗೆಳೆಯರೆಲ್ಲ ಕೂತು ಮಾತಾಡಿ ನಮ್ಮ ಭಾಗಕ್ಕೆ 15 ಸೆಟ್ ಅಂತ ಪೀಣ್ಯಕ್ಕೆ ಹೇಳಿದೆವು. ಡೈ ನಮ್ಮ ದುಡ್ಡಿನದ್ದು, ಮುಂದೆ ಬೇಕಾದರೆ ಇನ್ನಷ್ಟು ಹಾಕಿಸಬಹುದು.

ಮೇಷ್ಟ್ರು ಈಗ ಮೀಟರ್ ರೀಡರ್‌ಗಳ ಪಟ್ಟಿ ಬೇಕು ಅಂತ ಹಿಂದೆ ಬಿದ್ದಿದ್ದಾರೆ. ನಾಲ್ಕನೇ ಪಟ್ಟಿ ಬಂದರೆ ಆ ಹದಿನೆಂಟು ಸ್ವಲ್ಪ ಗಟ್ಟಿಯಾಗುತ್ತದಂತೆ. ಭಾಯ್‌ಗೆ ಈವರೆಗಿನ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ, ಕೊನೆಗೌಡರು ಹುಡುಕಿಕೊಟ್ಟ ಹೊಸ ನಾಲ್ಕರ ಮೇಲೆ ಬೆರಳಿಟ್ಟು ಕೇಳಿದರು: "ಸಾರ್, ಇದ್ರಲ್ಲಿ ಬಾನೆಟ್ ಚೆನ್ನಾಗಿರೋದು ಯಾವ್ದು?"